ಪ್ರಯಾಣದ ಚೀಲ ಮತ್ತು ಒಂದು ರೂಪಾಯಿಯ ಪೊಟ್ಟಣ

ಕಳೆದ ವಾರ ನಮ್ಮ ಊರಿನ ಬಸ್ ನಿಲ್ದಾಣದಲ್ಲಿ ಕಂಡ ಒಂದು ಸಣ್ಣ ಸಂಗತಿಯಿಂದ ಈ ಮಾತನ್ನು ಆರಂಭಿಸುತ್ತೇನೆ. ಧರ್ಮಸ್ಥಳದ ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ಆ ನೂಕುನುಗ್ಗಲಿನಲ್ಲಿ ನೂಲಿನ ಗಿರಣಿಯಲ್ಲಿ ದುಡಿಯುವ ಒಬ್ಬ ತಾಯಿಯ ಕೈಚೀಲದ ಹಿಡಿ ಕಿತ್ತು, ಒಳಗಿದ್ದುದೆಲ್ಲ ನೆಲದ ಪಾಲಾಯಿತು. ಒಂದು ಸೀರೆ, ಒಂದು ಟವೆಲು, ಸೋಪಿನ ಡಬ್ಬಿ, ಬಾಚಣಿಗೆ, ಸಣ್ಣದೊಂದು ಪೌಡರ್ ಡಬ್ಬ, ಸ್ನೋ, ಮಾಲೆಯಂತೆ ಒಂದಕ್ಕೊಂದು ಅಂಟಿಕೊಂಡಿದ್ದ ಆರು ಶಾಂಪೂ ಪೊಟ್ಟಣಗಳು. ಅವರು ನಾಚಿಕೊಂಡು ಎಲ್ಲವನ್ನೂ ಆಯ್ದುಕೊಳ್ಳುತ್ತಿದ್ದಾಗ, ಪಕ್ಕದಲ್ಲಿ ನಿಂತಿದ್ದ ಇಸ್ತ್ರಿ ಅಂಗಿಯ ಮಹನೀಯರೊಬ್ಬರು, “ಬಸ್ಸು ಪುಕ್ಕಟೆ, ಮೇಲೆ ಇಷ್ಟೊಂದು ಶೋಕಿ ಬೇರೆ” ಎಂದರು. ನಾಲ್ಕು ಜನ ನಕ್ಕರು. ಆ ತಾಯಿ ಏನೂ ಹೇಳಲಿಲ್ಲ. ಸ್ನೋ ಡಬ್ಬಿಯನ್ನು ಸೀರೆಯ ಮಡಿಕೆಯೊಳಗೆ ಅಡಗಿಸಿಕೊಂಡು ಬಸ್ಸು ಹತ್ತಿದರು.

ಅವರು ಹೇಳದೆ ಬಿಟ್ಟ ಉತ್ತರವನ್ನು ನಾವು ಹೇಳಲೇಬೇಕಾಗಿದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು, ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣ ತಪ್ಪಿತು. ಅಂದಿನಿಂದ, ತವರಿನಾಚೆಗೆ ಊರೇ ಕಾಣದಿದ್ದ ಎಷ್ಟೋ ಮಂದಿ ಧರ್ಮಸ್ಥಳ, ಸವದತ್ತಿ, ನಂಜನಗೂಡು, ಹಂಪಿ ಎಂದು ಹೊರಟಿದ್ದಾರೆ. ಹೊರಟವರು ಚೀಲ ಕಟ್ಟುತ್ತಾರೆ. ಚೀಲದಲ್ಲಿ ಸೋಪು, ಎಣ್ಣೆ, ಪೌಡರು ಇಟ್ಟುಕೊಳ್ಳುತ್ತಾರೆ. ಇದರಲ್ಲಿ ನಗುವಂಥದೇನಿದೆ? ವಾರದ ಆರು ದಿನ ಹತ್ತಿಯ ಧೂಳು ತಲೆಗೂದಲಿನ ಬುಡದವರೆಗೆ ಇಳಿಯುವ ಕೆಲಸ ಮಾಡುವವರು ಏಳನೆಯ ದಿನ ತಲೆ ತುಂಬ ನೊರೆ ಬರುವಂತೆ ಸ್ನಾನ ಮಾಡಿ, ಮುಖಕ್ಕೆ ಒಂದಿಷ್ಟು ಸ್ನೋ ಹಚ್ಚಿಕೊಂಡು ದೇವರ ಮುಂದೆಯೋ ನೆಂಟರ ಮುಂದೆಯೋ ನಿಲ್ಲಬಯಸಿದರೆ ಅದು ಶೋಕಿಯಲ್ಲ, ಮರ್ಯಾದೆ. ಮಾಲೀಕರ ಮನೆಯವರು ಊಟಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಏನೇನಿದೆ ಎಂದು ಯಾರಾದರೂ ಇಣುಕಿ ನೋಡಿದ್ದುಂಟೆ? ಅಂದವಾಗಿ ಕಾಣುವ ಆಸೆ ಉಳ್ಳವರಿಗೆ ಬರೆದುಕೊಟ್ಟ ಇನಾಮು ಭೂಮಿಯಲ್ಲ.

ಆ ಮಹನೀಯರು ನಕ್ಕ ಶಾಂಪೂ ಪೊಟ್ಟಣಕ್ಕೂ ಒಂದು ಚರಿತ್ರೆಯಿದೆ. ತಮಿಳುನಾಡಿನ ಕಡಲೂರಿನಲ್ಲಿ ಚಿನ್ನಿ ಕೃಷ್ಣನ್ ಎಂಬ ಸಣ್ಣ ಉದ್ಯಮಿ, ದೊಡ್ಡ ಬಾಟಲಿ ಕೊಳ್ಳಲಾಗದ ಬಡವರಿಗೂ ದಕ್ಕಲಿ ಎಂದು ಪದಾರ್ಥಗಳನ್ನು ಸಣ್ಣ ಪೊಟ್ಟಣಗಳಲ್ಲಿ ತುಂಬಿ ಮಾರುವ ಪ್ರಯೋಗ ಮಾಡಿದರು. ಅವರ ಮಗ ಸಿ. ಕೆ. ರಂಗನಾಥನ್ 1983ರಲ್ಲಿ 15,000 ರೂಪಾಯಿ ಬಂಡವಾಳದಿಂದ ಚಿಕ್ ಶಾಂಪೂ ಆರಂಭಿಸಿದರು. ದೊಡ್ಡ ಕಂಪನಿಗಳು ಆಮೇಲೆ ಅದೇ ದಾರಿ ಹಿಡಿದವು. ಇಂದು ಒಂದು ರೂಪಾಯಿಯ ಪೊಟ್ಟಣದಲ್ಲಿ ಐದಾರು ಮಿಲಿಲೀಟರ್ ಶಾಂಪೂ ಸಿಗುತ್ತದೆ. ಅಂಗಡಿಯಲ್ಲಿ ಅದೇ ಕಂಪನಿಯ ಬಾಟಲಿಯನ್ನು ಪಕ್ಕದಲ್ಲಿಟ್ಟು ಮಿಲಿಲೀಟರಿನ ಲೆಕ್ಕ ಹಾಕಿ ನೋಡಿ. ಬಹಳ ಸಲ ಪೊಟ್ಟಣವೇ ಅಗ್ಗವಾಗಿ ಬರುತ್ತದೆ. ಆದುದರಿಂದ ಪ್ರಯಾಣಕ್ಕೆ ಪೊಟ್ಟಣ ಕೊಂಡ ಆ ತಾಯಿ ದುಂದು ಮಾಡಲಿಲ್ಲ. ಲೆಕ್ಕ ಬಲ್ಲವರಂತೆಯೇ ನಡೆದುಕೊಂಡರು.

ಇನ್ನೊಂದು ಬಗೆಯ ಸಣ್ಣ ಸಾಮಾನಿದೆ. ಅಂದದ ಪುಟ್ಟ ಬಾಟಲಿಗಳನ್ನು ಜಿಪ್ ಚೀಲದಲ್ಲಿ ಜೋಡಿಸಿ ‘ಟ್ರಾವೆಲ್ ಕಿಟ್’ ಎಂದು ಮಾರುತ್ತಾರೆ. ಅದರ ಗಿರಾಕಿ ಹೆಚ್ಚಾದದ್ದು ವಿಮಾನದಿಂದ. 2006ರ ಆಗಸ್ಟ್‌ನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳಲ್ಲಿ ದ್ರವರೂಪದ ಸ್ಫೋಟಕ ಸಿಡಿಸುವ ಸಂಚು ಬಯಲಾದ ಮೇಲೆ, ಪ್ರಯಾಣಿಕರು ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ದ್ರವದ ಬಾಟಲಿ ಒಯ್ಯಬಾರದೆಂಬ ಕಟ್ಟಳೆ ಹಲವು ದೇಶಗಳಲ್ಲಿ ಬಂತು. ನಮ್ಮ ಕೆಂಪು ಬಸ್ಸಿಗೆ ಅಂಥ ಕಟ್ಟಳೆ ಯಾವುದೂ ಇಲ್ಲ. ವಿಮಾನದವರ ಅವಶ್ಯಕತೆಯನ್ನು ಬಸ್ಸಿನವರ ಫ್ಯಾಷನ್ ಮಾಡಿ ಮಾರುವವರಿಗೆ ನಾವು ಹಣ ಕೊಡಬೇಕಾಗಿಲ್ಲ. ಔಷಧಿ ಮುಗಿದ ಸಣ್ಣ ಸೀಸೆಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಕೊಬ್ಬರಿ ಎಣ್ಣೆ ತುಂಬಿಕೊಂಡರೆ ಅದೇ ನಮ್ಮ ಕಿಟ್ಟು.

ಇಷ್ಟು ಹೇಳಿದ ಮೇಲೆ ಕಹಿಯಾದ ಮಾತನ್ನೂ ಹೇಳಬೇಕು. ಪೊಟ್ಟಣದ ಬೆಲೆ ಒಂದು ರೂಪಾಯಿಗೆ ಮುಗಿಯುವುದಿಲ್ಲ. ಅದರ ಹೊದಿಕೆ ಪದರ ಪದರವಾಗಿ ಅಂಟಿಸಿದ ಪ್ಲಾಸ್ಟಿಕ್. ಗುಜರಿಯವರು ಅದನ್ನು ಮುಟ್ಟುವುದಿಲ್ಲ. ಮಣ್ಣಿನಲ್ಲಿ ಕರಗುವುದಿಲ್ಲ. ನೇತ್ರಾವತಿಯ ದಡಕ್ಕೆ ಹೋಗಿ ನೋಡಿ, ಕುಮಾರಧಾರೆಗೆ ಹೋಗಿ, ನಂಜನಗೂಡಿನ ಕಪಿಲೆಗೆ ಹೋಗಿ. ಸ್ನಾನಘಟ್ಟದ ಕಲ್ಲಿನ ಸಂದುಗಳಲ್ಲಿ ಹರಿದ ಪೊಟ್ಟಣಗಳ ಮೂಲೆಗಳು ಮಿನುಗುತ್ತವೆ. ಜೊತೆಗೆ ನೊರೆ ನೀರಿಗೆ ಸೇರುತ್ತದೆ. ಕೆಳಗಿನ ಊರಿನವರು ಕುಡಿಯುವುದು ಅದೇ ನೀರು.

2025ರ ಮಾರ್ಚ್‌ನಲ್ಲಿ ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವರು, ತೀರ್ಥಕ್ಷೇತ್ರಗಳ ನದಿ, ಕೆರೆ, ಕಲ್ಯಾಣಿಗಳ ದಡದಿಂದ 500 ಮೀಟರಿನೊಳಗೆ ಸೋಪು, ಶಾಂಪೂ ಮಾರಾಟವನ್ನು ನಿರ್ಬಂಧಿಸಲು ಅಧಿಕಾರಿಗಳಿಗೆ ಸೂಚಿಸಿದರು. ನದಿ ಉಳಿಯಬೇಕೆಂಬ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ನಾವೂ ಅಲ್ಲಗಳೆಯುವುದಿಲ್ಲ. ಆದರೆ ಈ ಏರ್ಪಾಟಿನಲ್ಲಿ ಮೊದಲು ಸಿಕ್ಕಿಬೀಳುವವರು ಯಾರು? ಹಣ್ಣುಕಾಯಿ, ಊದುಬತ್ತಿಯ ಜೊತೆಗೆ ನಾಲ್ಕು ಮಾಲೆ ಪೊಟ್ಟಣ ತೂಗುಹಾಕಿ ದಿನ ದೂಡುವ ಪೆಟ್ಟಿಗೆ ಅಂಗಡಿಯವರು. ಅವರಿಗೆ ಒಂದು ಪೊಟ್ಟಣಕ್ಕೆ ಉಳಿಯುವುದು ಪೈಸೆಗಳ ಲೆಕ್ಕ. ಪೊಟ್ಟಣವನ್ನು ಕೋಟಿಗಟ್ಟಲೆ ತಯಾರಿಸಿ ಲಾರಿಗಳಲ್ಲಿ ಕಳಿಸುವವರ ಹೊಣೆಯೇನು?

ಅವರಿಗೂ ಕಾನೂನಿದೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ ಕೆಳಗೆ, 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಂತೆ, ಪದರದ ಪ್ಲಾಸ್ಟಿಕ್ಕೂ ಸೇರಿ ತಮ್ಮ ಹೊದಿಕೆಯ ಗತಿ ಕಾಣಿಸುವ ಹೊಣೆ ತಯಾರಕರದೇ. ಕಾಗದದ ಮೇಲೆ ಇದು ಚೆನ್ನಾಗಿದೆ. ಸ್ನಾನಘಟ್ಟದ ಮೇಲೆ ಮಾತ್ರ ಕಾಣುವುದಿಲ್ಲ. ಕಂಪನಿಯ ಜಾಹೀರಾತಿನ ಹಲಗೆ ಕ್ಷೇತ್ರದ ಬಾಗಿಲಿನವರೆಗೂ ಬರಬಲ್ಲುದಾದರೆ, ಖಾಲಿ ಪೊಟ್ಟಣ ತುಂಬಿಕೊಂಡು ಹೋಗಲು ಒಂದು ಡಬ್ಬ ಏಕೆ ಬರಲಾರದು? ನದಿಯಿಂದ ದೂರದಲ್ಲಿ, ಕೊಳಚೆ ಹೊಳೆಗೆ ಇಳಿಯದಂತೆ, ಬಾಗಿಲಿರುವ, ನೀರಿರುವ ಬಚ್ಚಲು ಕಟ್ಟಿಸುವುದು ಸರ್ಕಾರಕ್ಕೂ ಕ್ಷೇತ್ರಗಳ ಆಡಳಿತಕ್ಕೂ ಸೇರಿದ ಕೆಲಸ. ಬಚ್ಚಲಿಲ್ಲದ ಕಡೆ ಸೋಪು ಮಾರಬೇಡಿ ಎಂದರೆ, ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದ ಹೆಂಗಸು ಮೈ ತೊಳೆದುಕೊಳ್ಳುವುದೆಲ್ಲಿ?

ಇದು ಸರ್ಕಾರಕ್ಕೂ ಕಂಪನಿಗಳಿಗೂ ಹೇಳುವ ಮಾತಾಯಿತು. ನಮ್ಮ ಪಾಲಿನ ಕೆಲಸವೂ ಉಂಟು. ಅದು ಮನೆಯಲ್ಲಿ ಚೀಲ ಕಟ್ಟುವಾಗಲೇ ಆರಂಭವಾಗುತ್ತದೆ.

ಸೋಪನ್ನು ಮನೆಯಿಂದಲೇ ಒಯ್ಯಿರಿ. ಇಡೀ ಬಿಲ್ಲೆ ಬೇಡ, ಒಣಗಿದ ಬಿಲ್ಲೆಯನ್ನು ದಾರದಿಂದ ಕೊಯ್ದು ಅರ್ಧ ಇಟ್ಟುಕೊಂಡರೆ ಮೂರು ದಿನಕ್ಕೆ ಸಾಕು. ಕೊಳ್ಳುವಾಗ ಹೊದಿಕೆಯ ಹಿಂಬದಿಯನ್ನು ಓದಿ. ಟಿ.ಎಫ್.ಎಂ. ಎಂಬ ಮೂರಕ್ಷರದ ಮುಂದೆ 76 ಅಥವಾ ಹೆಚ್ಚಿನ ಅಂಕಿ ಇದ್ದರೆ ಅದು ಮೊದಲ ದರ್ಜೆಯ ಸೋಪು. ‘ಬೇದಿಂಗ್ ಬಾರ್’ ಎಂದು ಬರೆದಿದ್ದರೆ ಅದರಲ್ಲಿ ಸೋಪಿನ ಅಂಶ ಬಹಳ ಕಡಿಮೆ ಇರಬಹುದು. ಈ ಮೊದಲ ದರ್ಜೆಗೆ ಬೇರೆ ದೇಶದ ಹೆಸರು ಹುಡುಕಬೇಕಾಗಿಲ್ಲ. ಮೊದಲ ಮಹಾಯುದ್ಧದಿಂದ ನಮ್ಮ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ ಮೈಸೂರು ಸಂಸ್ಥಾನ ಗಂಧದೆಣ್ಣೆ ತೆಗೆಯಲು ಕೈಹಾಕಿತು. 1918ರಲ್ಲಿ ಬೆಂಗಳೂರಿನಲ್ಲಿ ಸೋಪಿನ ಕಾರ್ಖಾನೆ ನಡೆಸತೊಡಗಿತು. ಆ ಮೈಸೂರ್ ಸ್ಯಾಂಡಲ್ ಸೋಪು ಇಂದಿಗೂ ಜನರ ಸೊತ್ತಾದ ಕಾರ್ಖಾನೆಯಿಂದಲೇ ಬರುತ್ತಿದೆ.

ತಲೆಗೆ ಸೀಗೆಪುಡಿ ಒಗ್ಗುವವರು ಅದನ್ನು ಕಾಗದದಲ್ಲಿ ಕಟ್ಟಿಕೊಳ್ಳಲಿ. ಶಾಂಪೂವೇ ಬೇಕೆಂದರೆ ಪೊಟ್ಟಣವನ್ನೇ ಒಯ್ಯಿರಿ, ಆದರೆ ಖಾಲಿಯಾದ ಪೊಟ್ಟಣವನ್ನು ಮಡಚಿ ಸೋಪಿನ ಡಬ್ಬಿಯಲ್ಲಿಟ್ಟು ವಾಪಸು ತನ್ನಿ. ಹೊಳೆಯಲ್ಲಿ ಬರಿ ಮುಳುಗು ಹಾಕಿ. ಸೋಪು, ಶಾಂಪೂ, ಸೀಗೆ ಏನಿದ್ದರೂ ಬಚ್ಚಲಿಗೆ. ಬಾಚಣಿಗೆ, ಟವೆಲು, ಕ್ಷೌರದ ಅಲಗು ಅವರವರದೇ ಇರಲಿ. ಒಂದೇ ಟವೆಲಿನಿಂದ ಹುಳುಕಡ್ಡಿ ಇಡೀ ಮನೆಗೆ ಹರಡುವುದನ್ನು ಲೈನುಮನೆಗಳಲ್ಲಿ ನೋಡಿದ್ದೇವೆ. ಚಳಿಗಾಲವಾದರೆ ತುಟಿಗೆ, ಹಿಮ್ಮಡಿಗೆ ಒಂದಿಷ್ಟು ವ್ಯಾಸಲೀನು. ಬಿಸಿಲಿಗೆ ಕೊಡೆ ಅಥವಾ ತಲೆಯ ಮೇಲೆ ಸೆರಗು. ಬಸ್ಸಿನ ಕಿಟಕಿಯ ಗಾಜು ಬಿಸಿಲಿನ ಕಿರಣಗಳನ್ನೆಲ್ಲ ತಡೆಯುವುದಿಲ್ಲ ಎಂಬುದೂ ನೆನಪಿರಲಿ. ಚರ್ಮದ ಕಾಯಿಲೆಗೆ ಔಷಧಿ ಹಚ್ಚುವವರು ಅದನ್ನು ಮರೆಯದೆ ಚೀಲದ ಮೇಲ್ಭಾಗದಲ್ಲೇ ಇಡಲಿ. ಇನ್ನು ಸ್ನೋ, ಪೌಡರು ಅವರವರ ಇಷ್ಟ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಒಂದನ್ನು ಮಾತ್ರ ಚೀಲಕ್ಕೆ ಸೇರಿಸಬೇಡಿ. ಜಾತ್ರೆಯ ಸಾಲಂಗಡಿಗಳಲ್ಲಿ, ತಯಾರಕರ ವಿಳಾಸವಿಲ್ಲದ ಸಣ್ಣ ಡಬ್ಬಿಗಳಲ್ಲಿ, ಏಳು ದಿನಗಳಲ್ಲಿ ಬಿಳುಪು ಎಂದು ಮಾರುವ ಕ್ರೀಮನ್ನು. ಇಂಥ ಕೆಲವು ಕ್ರೀಮುಗಳಲ್ಲಿ ಪಾದರಸ ಬೆರೆಸಿರುತ್ತಾರೆ. ಅದು ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಕೋಟಕ್ಕಲ್‌ನಲ್ಲಿ ವೈದ್ಯರು 2021ರಿಂದ 2023ರವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 15 ರೋಗಿಗಳನ್ನು ವಿಚಾರಿಸಿದಾಗ, 13 ಮಂದಿ ಕಾಯಿಲೆಗೆ ಮೊದಲು ಬಿಳುಪಿನ ಕ್ರೀಮು ಹಚ್ಚುತ್ತಿದ್ದರೆಂದು ತಿಳಿಯಿತು. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ತಾನಾಗಿ ಸೇರಿಕೊಂಡ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರುವಂತಿಲ್ಲ. ವ್ಯಾಪಾರಿ ಮಿತ್ರರಲ್ಲಿ ಕೈಮುಗಿದು ಕೇಳುತ್ತೇವೆ. ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇಲ್ಲದ ಡಬ್ಬಿ ನಿಮ್ಮ ಅಂಗಡಿಗೆ ಬರಕೂಡದು. ಲಾಭ ಹೆಚ್ಚಿದ್ದರೂ ಬೇಡ. ಅದನ್ನು ಕೊಳ್ಳುವವರು ನಿಮ್ಮ ಬೀದಿಯ ಹೆಣ್ಣುಮಕ್ಕಳೇ.

ಬಿಳುಪಿನ ಹುಚ್ಚು ಹಿಡಿಸಿದವರು ಜಾತ್ರೆಯ ಅಂಗಡಿಯವರಲ್ಲ. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಬಂತು. ಕಪ್ಪು ಮೈಬಣ್ಣವೆಂದರೆ ಕೆಲಸ ಸಿಗದು, ಗಂಡು ಸಿಗದು ಎಂದು ದಶಕಗಳ ಕಾಲ ಜಾಹೀರಾತುಗಳು ಹೆದರಿಸಿದವು. 2020ರಲ್ಲಿ ಕಂಪನಿ ಹೆಸರಿನಲ್ಲಿದ್ದ ‘ಫೇರ್’ ತೆಗೆದು ‘ಗ್ಲೋ’ ಹಾಕಿತು. ಹೆಸರು ಬದಲಾಯಿತು, ನಮ್ಮ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಕೂತ ಅಳುಕು ಬದಲಾಯಿತೆ? ಬಿಸಿಲಿನಲ್ಲಿ ದುಡಿದವರ ಚರ್ಮ ಕಪ್ಪಾಗುತ್ತದೆ. ಅದು ಕಾಯಿಲೆಯಲ್ಲ. ಅದಕ್ಕೆ ಮದ್ದೂ ಬೇಡ.

ಕೊನೆಗೆ ಬೆಲೆಯ ಮಾತು. 2025ರ ಸೆಪ್ಟೆಂಬರ್ 22ರಿಂದ ಸೋಪಿನ ಬಿಲ್ಲೆ, ಶಾಂಪೂ, ತಲೆಯೆಣ್ಣೆ, ಪೌಡರುಗಳ ಮೇಲಿನ ಜಿ.ಎಸ್.ಟಿ. ಶೇಕಡ 18ರಿಂದ ಶೇಕಡ 5ಕ್ಕೆ ಇಳಿದಿದೆ. ಒಂದು ರೂಪಾಯಿಯ ಪೊಟ್ಟಣದ ಬೆಲೆಯನ್ನು ಹತ್ತು ಪೈಸೆ ಇಳಿಸಲು ಇಂದು ನಾಣ್ಯವೇ ಇಲ್ಲ. ಹಾಗಾದರೆ ಆ ಲಾಭ ತೂಕದಲ್ಲಿ ಬರಬೇಕು. ಹಳೆಯ ಪೊಟ್ಟಣವೊಂದನ್ನು ಇಟ್ಟುಕೊಂಡು ಹೊಸದರ ಮೇಲಿನ ಮಿಲಿಲೀಟರ್ ಅಂಕಿಯೊಂದಿಗೆ ಹೋಲಿಸಿ ನೋಡಿ. ಅಂಕಿ ಏರದಿದ್ದರೆ ಅಂಗಡಿಯವರ ಮೇಲೆ ರೇಗಬೇಡಿ. ಪೊಟ್ಟಣದ ಮೇಲೆ ಬೆಲೆ ಅಚ್ಚು ಹಾಕಿದವರು ಅವರಲ್ಲ. ಇಬ್ಬರೂ ಸೇರಿ ಕಂಪನಿಯನ್ನು ಕೇಳಿ.

ಕ್ಷೇತ್ರಗಳಲ್ಲಿ ಬಚ್ಚಲು, ತಯಾರಕರ ಖರ್ಚಿನಲ್ಲಿ ಖಾಲಿ ಪೊಟ್ಟಣಗಳ ಸಂಗ್ರಹ, ಪಾದರಸದ ಕ್ರೀಮು ತಯಾರಿಸಿ ಸಾಗಿಸುವವರ ಮೇಲೆ ಕ್ರಮ. ನಾವು ಕೇಳುವುದು ಇಷ್ಟೇ. ಇವನ್ನು ಮಾಡಿದ ಮೇಲೆ ಸಣ್ಣ ಅಂಗಡಿಯ ಮುಂದೆ ಅಳತೆಯ ಟೇಪು ಹಿಡಿದು ನಿಂತರೆ ಅದಕ್ಕೊಂದು ನ್ಯಾಯವಿರುತ್ತದೆ.

ಬಸ್ ನಿಲ್ದಾಣದ ಆ ತಾಯಿಗೆ ಒಂದು ಮಾತು. ಮುಂದಿನ ಸಲ ಚೀಲದ ಹಿಡಿಯನ್ನು ಗಟ್ಟಿಯಾಗಿ ಹೊಲಿಸಿಕೊಳ್ಳಿ. ಆದರೂ ಹರಿದು ಬಿದ್ದರೆ, ಸ್ನೋ ಡಬ್ಬಿಯನ್ನು ಅಡಗಿಸಬೇಡಿ. ಅದನ್ನು ನೀವು ನಿಮ್ಮ ಕೂಲಿಯಿಂದ ಕೊಂಡಿದ್ದೀರಿ.