ಅಂಗಿಯ ಮೇಲೆ ಬರೆದ ವಿಳಾಸ

ಪರೀಕ್ಷೆ ಮುಗಿದು ರಜೆ ಹತ್ತಿರ ಬಂದರೆ ಸಾಕು, ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಒಂದು ಮಾತು ಏಳುತ್ತದೆ. "ಅಪ್ಪಾ, ನಾವು ಗೆಳೆಯಾರು ನಾಲ್ಕು ಮಂದಿ ಕೂಡಿ ಎಲ್ಲಿಗಾದ್ರೂ ದೂರ ರೈಲಿನ್ಯಾಗ ಹೋಗಿ ಬರ್ತೀವಿ" ಎನ್ನುತ್ತಾನೆ ಮಗ. ಅಪ್ಪ ಪತ್ರಿಕೆಯಿಂದ ತಲೆ ಎತ್ತದೆ, "ಜೋಡಿ ದೊಡ್ಡವರು ಯಾರು ಅದಾರ?" ಎಂದು ಕೇಳುತ್ತಾನೆ. ಮಾತು ಅಲ್ಲಿಗೆ ಮುಗಿಯುತ್ತದೆ. ಕೇಳುವವಳು ಮಗಳಾಗಿದ್ದರೆ ಎಷ್ಟೋ ಮನೆಗಳಲ್ಲಿ ಈ ಮಾತು ಶುರುವಾಗುವುದೇ ಇಲ್ಲ.

ಗದಗ-ಬೆಟಗೇರಿಯ ಮಕ್ಕಳಿಗಾದರೂ ರೈಲಿನ ಸಿಳ್ಳು ಮನೆಯವರೆಗೆ ಕೇಳುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮಕ್ಕಳಿಗೆ ಆ ಭಾಗ್ಯವೂ ಇಲ್ಲ. ಲಕ್ಷ್ಮೇಶ್ವರದವರು ಬಸ್ಸಿನಲ್ಲಿ ಯಲವಿಗಿಗೋ ಗದುಗಿಗೋ ಹೋಗಿ ರೈಲು ಹಿಡಿಯಬೇಕು. ಮುಂಡರಗಿಯವರಿಗೆ ಗದಗ, ಇಲ್ಲವೆ ಕೊಪ್ಪಳ. ಗದಗದಿಂದ ಶಿರಹಟ್ಟಿ, ಲಕ್ಷ್ಮೇಶ್ವರಗಳ ಮೇಲೆ ಯಲವಿಗಿಗೆ ರೈಲು ಬೇಕೆಂಬ ಬೇಡಿಕೆ ಅಜ್ಜಂದಿರ ಕಾಲದಿಂದ ಮೊಮ್ಮಕ್ಕಳ ಕಾಲದವರೆಗೂ ಬಂದಿದೆ. ಹೀಗಾಗಿ ಈ ಊರುಗಳ ಅನೇಕ ಮಕ್ಕಳು ದೂರದ ರೈಲನ್ನು ಮೊದಲು ಕಾಣುವುದು ಭೂಗೋಳದ ಪುಸ್ತಕದಲ್ಲಿ. ಅಲ್ಲಿ ಕಾಣುವ ಅತಿ ದೊಡ್ಡ ರೈಲುಮಾರ್ಗ ರಷ್ಯಾದ ಟ್ರಾನ್ಸ್ ಸೈಬೀರಿಯನ್.

ಅದರ ಅಳತೆ ಕೇಳಿದರೆ ಎಂಥವರಿಗೂ ಬೆರಗಾಗುತ್ತದೆ. ಮಾಸ್ಕೋದಿಂದ ವ್ಲಾದಿವೊಸ್ತೋಕ್ ವರೆಗೆ ಸುಮಾರು 9,289 ಕಿ.ಮೀ. ಭಾರತದಲ್ಲಿ ಅತಿ ದೂರ ಓಡುವ ದಿಬ್ರುಗಢ-ಕನ್ಯಾಕುಮಾರಿ ವಿವೇಕ ಎಕ್ಸ್‌ಪ್ರೆಸ್ ಕ್ರಮಿಸುವುದು 4,100 ಕಿ.ಮೀ.ಗೆ ತುಸು ಹೆಚ್ಚು. ಅದರ ಎರಡು ಪಟ್ಟಿಗೂ ಮಿಕ್ಕಿದ ದಾರಿ ಇದು. 1891ರಲ್ಲಿ ಶುರುವಾದ ಕೆಲಸ ಪೂರ್ಣಗೊಂಡದ್ದು 1916ರಲ್ಲಿ, ಅಮೂರ್ ನದಿಯ ಸೇತುವೆ ಮುಗಿದ ಮೇಲೆ. ಒಂದೇ ರೈಲಿನಲ್ಲಿ ಕುಳಿತರೂ ಆರು ದಿನಕ್ಕೂ ಮೀರಿದ ಪಯಣ. ಆ ತುದಿ ಮುಟ್ಟುವಷ್ಟರಲ್ಲಿ ಗಡಿಯಾರ ಏಳು ತಾಸು ಮುಂದೆ ಹೋಗಿರುತ್ತದೆ. ಮಾಸ್ಕೋದಲ್ಲಿ ಮಧ್ಯಾಹ್ನದ ಊಟದ ಹೊತ್ತಾದರೆ ವ್ಲಾದಿವೊಸ್ತೋಕದಲ್ಲಿ ಮಲಗುವ ಹೊತ್ತು. 2018ರವರೆಗೆ ರಷ್ಯಾದ ರೈಲು ಟಿಕೆಟ್ಟುಗಳ ಮೇಲೆ ದೇಶಕ್ಕೆಲ್ಲ ಮಾಸ್ಕೋ ವೇಳೆಯನ್ನೇ ಅಚ್ಚು ಹಾಕುತ್ತಿದ್ದರು. ಹೊರಗೆ ಕತ್ತಲಾಗಿದ್ದರೂ ಟಿಕೆಟ್ಟಿನಲ್ಲಿ ಇನ್ನೂ ಮಧ್ಯಾಹ್ನ!

ಅಲ್ಲಿಯ ಬೋಗಿಗಳಲ್ಲಿ ನಾಲ್ಕು ಜನ ಮಲಗುವ ಪುಟ್ಟ ಕೋಣೆಗಳಿವೆ. ಅದಕ್ಕಿಂತ ಅಗ್ಗದ ದರದಲ್ಲಿ, ನಮ್ಮ ಸ್ಲೀಪರ್ ಡಬ್ಬಿಯಂತೆ ಬಾಗಿಲಿಲ್ಲದ, 54 ಜನರ ಬೋಗಿಯೂ ಇದೆ. ಪ್ರತಿ ಬೋಗಿಯ ತುದಿಗೆ ಬಿಸಿನೀರಿನ ದೊಡ್ಡ ಹಂಡೆ ಇದ್ದು ಹಗಲೂ ರಾತ್ರಿ ಕಾಯುತ್ತಿರುತ್ತದೆ. ಬೋಗಿಗೊಬ್ಬರಂತೆ ಇರುವ ಸಹಾಯಕರು ಲೋಹದ ಹಿಡಿಕೆಯ ಗಾಜಿನ ಲೋಟದಲ್ಲಿ ಚಹ ಕೊಡುತ್ತಾರೆ. ಕಿಟಕಿಯಾಚೆ ದಿನಗಟ್ಟಲೆ ಬರ್ಚ್ ಮರಗಳ ಕಾಡು. ನಡುವೆ ಬೈಕಲ್ ಸರೋವರದ ದಂಡೆ. 1,642 ಮೀಟರ್ ಆಳದ ಅದು ಜಗತ್ತಿನ ಅತಿ ಆಳದ ಸರೋವರ. ನೋಡುವುದು ಇಷ್ಟು. ಉಳಿದ ಹೊತ್ತೆಲ್ಲ ಮಾಡುವುದೇನು? ಎದುರಿಗೆ ಕುಳಿತವರ ಜೊತೆ ಮಾತು, ಬುತ್ತಿ ಹಂಚಿಕೊಳ್ಳುವುದು, ಇಸ್ಪೀಟು, ಜಗಳ, ಮತ್ತೆ ರಾಜಿ. ಆರು ದಿನ ಒಂದೇ ಕೋಣೆಯಲ್ಲಿದ್ದ ನಾಲ್ವರು ಗೆಳೆಯರಿಗೆ ಪರಸ್ಪರರ ಗುಣದೋಷ ತಿಳಿದಷ್ಟು ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕುಳಿತರೂ ತಿಳಿಯಲಿಕ್ಕಿಲ್ಲ.

ಆದರೆ ಪಾಲಕರ ಭಯವನ್ನು ನಕ್ಕು ತಳ್ಳಿಹಾಕುವಂತಿಲ್ಲ. 2022ರ ಫೆಬ್ರವರಿಯಲ್ಲಿ ರಷ್ಯಾ ಯುಕ್ರೇನಿನ ಮೇಲೆ ಯುದ್ಧ ಹೂಡಿದಾಗ ಅಲ್ಲಿ ವೈದ್ಯಕೀಯ ಓದುತ್ತಿದ್ದ ಸಾವಿರಾರು ಭಾರತೀಯ ವಿದ್ಯಾರ್ಥಿಗಳಲ್ಲಿ ಉತ್ತರ ಕರ್ನಾಟಕದ ಮಕ್ಕಳೂ ಇದ್ದರು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ನೆರೆಯ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ. ಉಳಿದವರು ಗುಂಪುಗುಂಪಾಗಿ ಸ್ಟೇಷನ್ನಿಗೆ ನಡೆದು, ಕಿಕ್ಕಿರಿದ ರೈಲುಗಳಲ್ಲಿ ದೇಶದ ಪಶ್ಚಿಮ ಗಡಿಯತ್ತ ಸಾಗಿದರು. ಆ ದಿನಗಳಲ್ಲಿ ಫೋನು ಹಿಡಿದು ಕುಳಿತ ಮನೆಗಳಿಗೆ ಬೇಕಾಗಿದ್ದುದು ಎರಡೇ ಉತ್ತರ: ಮಗು ಎಲ್ಲಿದೆ, ಯಾರ ಜೊತೆ ಇದೆ?

ಇದೇ ಎರಡು ಪ್ರಶ್ನೆ ಹಿಂದೊಮ್ಮೆ ಗದುಗಿನ ಒಬ್ಬ ಮಾಸ್ತರರನ್ನೂ ಕಾಡಿದ್ದವು.

ಮಾಸ್ತರರ ಹೆಸರು ಗುರುರಾಜ ಜೋಶಿ. 1922ರಲ್ಲಿ ಹುಟ್ಟಿದ ಅವರ ಮಗನಿಗೆ ಹಾಡಿನ ಹುಚ್ಚು. ಬೀದಿಯಲ್ಲಿ ಭಜನೆಯವರು ಹೊರಟರೆ, ಮೆರವಣಿಗೆಯ ವಾದ್ಯ ಕೇಳಿದರೆ ಹುಡುಗ ಬೆನ್ನು ಹತ್ತಿ ಹೋಗಿಬಿಡುವನು. ದಣಿವಾದಲ್ಲೇ ಮಲಗಿಬಿಡುವನು. ಹುಡುಕಿ ಹುಡುಕಿ ಸಾಕಾದ ತಂದೆ ಒಂದು ಉಪಾಯ ಮಾಡಿದರು. ಮಗನ ಅಂಗಿಗಳ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದರು. ಎಲ್ಲಿ ಮಲಗಿದ್ದರೂ ಕಂಡವರು ಓದಿ ಮನೆಗೆ ತಂದು ಮುಟ್ಟಿಸುತ್ತಿದ್ದರು. ಈ ಹುಡುಗನೇ ಮುಂದೆ ಪಂಡಿತ ಭೀಮಸೇನ ಜೋಶಿ.

ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರ ಧ್ವನಿಮುದ್ರಿಕೆ ಕೇಳಿದ ಮೇಲೆ ಹುಡುಗನಿಗೆ ಊರಲ್ಲಿ ನಿಲ್ಲಲಾಗಲಿಲ್ಲ. ತಾಯಿ ಬಡಿಸುವ ಚಮಚ ತುಪ್ಪದ ಮೇಲೆ ಮುನಿಸಿಕೊಂಡು ಮನೆ ಬಿಟ್ಟನೆಂಬ ಕಥೆ ಪ್ರಸಿದ್ಧವಾಗಿದೆ. ಆದರೆ ನಿಜವಾದ ಹಸಿವು ಗುರುವಿನದು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆಗೆ ಹೇಳದೆ ಹೊರಟುಬಿಟ್ಟ. ಆಗ ಗದಗದಿಂದ ಬಿಜಾಪುರದ ಮೇಲೆ ಹೊಟಗಿಗೆ ಹೋಗುತ್ತಿದ್ದುದು 1884ರಲ್ಲಿ ತೆರೆದ ಮೀಟರ್‌ಗೇಜ್ ಹಳಿ. ಅಲ್ಲಿಂದಾಚೆ ಬ್ರಾಡ್‌ಗೇಜ್. ಹಳಿಯ ಅಗಲ ಬದಲಾದಲ್ಲಿ ಗಂಟುಮೂಟೆ ಇಳಿಸಿ ಬೇರೆ ಗಾಡಿ ಹತ್ತಬೇಕಿದ್ದ ಕಾಲ. ಈ ಹುಡುಗನಿಗೆ ಇಳಿಸಲು ಗಂಟೂ ಇರಲಿಲ್ಲ, ತೋರಿಸಲು ಟಿಕೆಟ್ಟೂ ಇರಲಿಲ್ಲ.

ಅವನಿಗೆ ಇದ್ದದ್ದು ಕಂಠ ಒಂದೇ. ಡಬ್ಬಿಯಲ್ಲಿ ಹಾಡಿದರೆ ಸಹಪ್ರಯಾಣಿಕರು ತಿನ್ನಲು ಕೊಡುವರು, ಕಾಸು ಕೊಡುವರು. ಒಲಿದ ಟಿಕೆಟ್ ತಪಾಸಣೆಯವರು ಬಿಡುವರು, ಒಲಿಯದವರು ಇಳಿಸುವರು. ಪುಣೆ, ಗ್ವಾಲಿಯರ್, ಲಖನೌ, ರಾಮಪುರ, ದಿಲ್ಲಿ, ಕಲ್ಕತ್ತಾ ಎಂದು ಸುಮಾರು ಮೂರು ವರ್ಷ ಸುತ್ತಾಟ. ಗ್ವಾಲಿಯರಿನಲ್ಲಿ ಸರೋದ್ ವಾದಕ ಹಾಫೀಜ್ ಅಲಿ ಖಾನರ ನೆರವಿನಿಂದ ಸಂಗೀತ ಶಾಲೆ ಸೇರಿದ. ಕಲ್ಕತ್ತೆಯಲ್ಲಿ ನಟ ಪಹಾಡಿ ಸಾನ್ಯಾಲರ ಮನೆಯಲ್ಲಿ ಕೆಲಸಕ್ಕೆ ನಿಂತ. ಕೊನೆಗೆ ಮುಟ್ಟಿದ್ದು ಪಂಜಾಬಿನ ಜಲಂಧರ.

ಅಲ್ಲಿಯ ಸಂಗೀತೋತ್ಸವಕ್ಕೆ ಬಂದಿದ್ದ ಪಂಡಿತ ವಿನಾಯಕರಾವ್ ಪಟವರ್ಧನರು ಹುಡುಗನನ್ನು ವಿಚಾರಿಸಿದರು. ಗದುಗಿನವನೆಂದು ತಿಳಿದು ಅವರಿಗೆ ಆಶ್ಚರ್ಯ. ಕುಂದಗೋಳದಲ್ಲಿ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಏಕೆ ಬಂದೆ, ತಿರುಗಿ ಹೋಗು ಎಂದರು. ಸವಾಯಿ ಗಂಧರ್ವರೆಂದರೆ ರಾಮಭಾವು ಕುಂದಗೋಳಕರರು. ಹುಡುಗನನ್ನು ಸೆಳೆದ ಆ ಅಬ್ದುಲ್ ಕರೀಂ ಖಾನರ ಶಿಷ್ಯರೇ ಅವರು! ಗದಗದಿಂದ ಹುಬ್ಬಳ್ಳಿ, ಅಲ್ಲಿಂದ ಕುಂದಗೋಳ, ಒಟ್ಟು 80 ಕಿ.ಮೀ. ಆಸುಪಾಸು. ಇಂದಾದರೆ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದಾದ ದೂರ. ಅಷ್ಟು ಹತ್ತಿರದ ಗುರುವಿನ ದಾರಿ ತಿಳಿಯಲು ಹುಡುಗ ಅರ್ಧ ಭಾರತ ಸುತ್ತಬೇಕಾಯಿತು.

ತಂದೆ ಅವನ ಸುಳಿವು ಹಿಡಿದು ಜಲಂಧರದಿಂದ ಮನೆಗೆ ಕರೆತಂದರು. 1936ರಲ್ಲಿ ಸವಾಯಿ ಗಂಧರ್ವರು ಅವನನ್ನು ಶಿಷ್ಯನಾಗಿ ಸ್ವೀಕರಿಸಿದರು. ಅದೇ ಗುರುವಿನ ಮನೆಗೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಶಿಷ್ಯರಿಬ್ಬರ ಹೆಸರೂ ದೇಶದ ತುಂಬ ಹಬ್ಬಿತು. 2008ರಲ್ಲಿ ಭೀಮಸೇನ ಜೋಶಿಯವರಿಗೆ ಭಾರತರತ್ನ ಘೋಷಣೆಯಾಯಿತು. 2011ರ ಜನವರಿ 24ರಂದು ಅವರು ತೀರಿಕೊಂಡರು.

ಈ ಕಥೆ ಕೇಳಿದ ವಿದ್ಯಾರ್ಥಿ, "ನೋಡ್ರಿ, ಮನಿ ಬಿಟ್ಟು ಓಡಿ ಹೋದವರ ದೊಡ್ಡವರಾಗ್ತಾರ" ಎಂದು ಅಪ್ಪನಿಗೆ ಸವಾಲು ಹಾಕಬಹುದು. ಹಾಗೆ ಓದಿದರೆ ತಪ್ಪು. ಮನೆ ಬಿಟ್ಟು ರೈಲು ಹತ್ತಿ ಮತ್ತೆ ಸುಳಿವೇ ಸಿಗದ ಮಕ್ಕಳೂ ಇದ್ದಾರೆ. ಅವರ ಕಥೆಯನ್ನು ಹೇಳುವವರಿಲ್ಲ. ಭೀಮಸೇನರನ್ನು ಉಳಿಸಿದ್ದು ಕಂಠ ಮತ್ತು ಡಬ್ಬಿಯಲ್ಲಿದ್ದ ಒಳ್ಳೆಯ ಜನ. ಎಲ್ಲರಿಗೂ ಎರಡೂ ಸಿಗುತ್ತವೆಂಬ ಭರವಸೆ ಇಲ್ಲ. ಆ ಮೂರು ವರ್ಷ ಗದುಗಿನ ಮನೆಯಲ್ಲಿ ತಾಯಿ ಹೇಗಿದ್ದಿರಬೇಕೆಂಬುದನ್ನೂ ಮಕ್ಕಳು ಒಂದು ಗಳಿಗೆ ಯೋಚಿಸಬೇಕು.

ಪಾಲಕರೂ ಓದಬೇಕಾದದ್ದಿದೆ. ಜೋಶಿ ಮಾಸ್ತರರು ಮೊದಲು ಮಾಡಿದ ಕೆಲಸ ಮಗನನ್ನು ಕಟ್ಟಿಹಾಕುವುದಲ್ಲ, ಅಂಗಿಯ ಮೇಲೆ ವಿಳಾಸ ಬರೆಯುವುದು. ಮಗ ಹೋಗುವವನೇ ಎಂದು ಅವರಿಗೆ ಗೊತ್ತಿತ್ತು. ಮರಳಿ ಬರುವ ದಾರಿಯನ್ನು ಅವರು ಗಟ್ಟಿ ಮಾಡಿದರು. ಇಂದು ಅಂಗಿಯ ಮೇಲೆ ಬರೆಯಬೇಕಿಲ್ಲ. ಯಾವ ಗಾಡಿ, ಯಾವ ಬೋಗಿ, ಎಲ್ಲಿ ಇಳಿಯುವುದು, ಜೊತೆಗಾರರ ಮನೆಯವರ ಫೋನ್ ಸಂಖ್ಯೆ ಯಾವುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮನೆಯಲ್ಲೊಂದು, ಚೀಲದಲ್ಲೊಂದು ಇಟ್ಟರೆ ಆಯಿತು. ಫೋನು ಕಳೆದರೂ ಹಾಳೆ ಉಳಿಯುತ್ತದೆ. ಹೋಗಿ ಬರುವ ಖರ್ಚಿನ ಲೆಕ್ಕವನ್ನು ಮಕ್ಕಳೇ ಹಾಕಲಿ, ಟಿಕೆಟ್ಟನ್ನು ಅವರೇ ಕಾಯ್ದಿರಿಸಲಿ. ತಪ್ಪಿದರೆ ತಿದ್ದಲು ಮನೆಯವರಿದ್ದಾರೆ.

ರಷ್ಯಾದ ಕನಸನ್ನು ಬಿಡಬೇಕಿಲ್ಲ. ಯುದ್ಧ ಮುಗಿದು ಕಾಲ ಕೂಡಿಬಂದಾಗ ಅದಕ್ಕೂ ದಾರಿಯಾದೀತು. ಅಲ್ಲಿಯವರೆಗೆ ಗದುಗಿನ ಮೇಲೆ ಹಾಯುವ ಅಮರಾವತಿ ಎಕ್ಸ್‌ಪ್ರೆಸ್ ಇದೆ, ಭೀಮಸೇನರು ಕಷ್ಟಪಟ್ಟು ಮುಟ್ಟಿದ ಕಲ್ಕತ್ತೆಯ ಕಡೆಗೆ ಅದು ನೇರವಾಗಿ ಒಯ್ಯುತ್ತದೆ. ಅದಕ್ಕೂ ಮೊದಲು ಲಕ್ಷ್ಮೇಶ್ವರದ ನಾಲ್ವರು ಗೆಳೆಯರೋ ಗೆಳತಿಯರೋ ಯಲವಿಗಿಯಲ್ಲಿ ಪ್ಯಾಸೆಂಜರ್ ಹತ್ತಿ, ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಹಂಚಿಕೊಳ್ಳುತ್ತ ಅದೇ ಹಳಿಯ ಮೇಲಿನ ಕುಂದಗೋಳಕ್ಕೆ ಹೋಗಿ, ಸವಾಯಿ ಗಂಧರ್ವರ ಊರು ನೋಡಿ ಸಂಜೆಗೆ ಮನೆ ಸೇರಲಿ. ಬರುವ ರಜೆಯಲ್ಲಿ ಮಗ ಅಥವಾ ಮಗಳು ಬಂದು ಕೇಳಿದಾಗ ಅಪ್ಪ ಪತ್ರಿಕೆ ಕೆಳಗಿಟ್ಟು, "ಯಾವ ಗಾಡಿಗೆ ಹೊಂಟೀರಿ? ಹಾಳಿ ಮ್ಯಾಲ ಬರದು ಕೊಡು" ಎಂದರೆ ಸಾಕು.