ಕ್ಷಮೆ ಯಾವ ತಪ್ಪಿಗೆ?

ಆಪ್ತರ ಮನೆಯ ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಒಬ್ಬ ತಾಯಿ ತಮ್ಮ ಎಂಟು ವರ್ಷದ ಮಗನೊಡನೆ ಕುಳಿತಿದ್ದರು. ವಾಜಂತ್ರಿಯ ಸದ್ದು ಏರಿದೊಡನೆ ಬಾಲಕನು ಎರಡೂ ಕಿವಿಗಳನ್ನು ಮುಚ್ಚಿಕೊಂಡು, ಹಿಂದೆ ಮುಂದೆ ತೂಗುತ್ತ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳತೊಡಗಿದನು. ಯಾರ ಎಲೆಯನ್ನೂ ಮುಟ್ಟಲಿಲ್ಲ, ಯಾರನ್ನೂ ನೋಯಿಸಲಿಲ್ಲ. ಆದರೂ ಆ ತಾಯಿ ಎಡಬಲದವರಿಗೆಲ್ಲ ಕೈಮುಗಿದು, "ತಪ್ಪು ತಿಳೀಬ್ಯಾಡ್ರಿ ಅಕ್ಕಾರ, ನಮ್ಮ ಹುಡುಗ ಹಿಂಗ ಅದಾನ" ಎನ್ನುತ್ತಲೇ ಇದ್ದರು. ಅದೇ ಪಂಕ್ತಿಯಲ್ಲಿ ಮತ್ತೊಂದು ಮಗು ಹಿರಿಯರೊಬ್ಬರ ಧೋತರದ ಮೇಲೆ ಸಾರು ಚೆಲ್ಲಿತು. ಅದರ ತಾಯಿ ನಕ್ಕು ಸುಮ್ಮನಾದರು!

ನಾನು ಪಕ್ಕದ ತಾಯಿಗೆ "ಇರಲಿ ಬಿಡ್ರಿ, ಪರವಾಗಿಲ್ಲ" ಎಂದೆ. ಮನೆಗೆ ಮರಳಿದ ಮೇಲೆ ನನ್ನ ಮಾತು ನನ್ನನ್ನೇ ಕುಟುಕಿತು. ಪರವಾಗಿಲ್ಲವೆಂದರೆ ತಪ್ಪನ್ನು ಮನ್ನಿಸಿದೆನೆಂದು ಅರ್ಥವಲ್ಲವೆ? ಇಲ್ಲದ ತಪ್ಪನ್ನು ಮನ್ನಿಸಲು ನಾನಾರು? ಕಿವಿ ಮುಚ್ಚಿಕೊಂಡಿದ್ದರೂ ಆ ಬಾಲಕನು ತಾಯಿಯ ಮುಗಿದ ಕೈಗಳನ್ನು ನೋಡುತ್ತಿದ್ದನು. ತನ್ನ ಇರವೇ ಒಂದು ಅಪರಾಧವೆಂಬ ಪಾಠವನ್ನು ಮಗು ಹೀಗೆ ದಿನದಿನವೂ ಕಲಿಯುತ್ತದೆ.

ಆ ಬಾಲಕನಿಗೆ ಆಟಿಸಂ ಇದೆಯೆಂದು ಅನಂತರ ತಿಳಿಯಿತು. ಇಂತಹ ಮಕ್ಕಳಲ್ಲಿ ಅನೇಕರಿಗೆ ಸದ್ದು ನಮಗಿಂತ ತೀವ್ರವಾಗಿ ತಟ್ಟುತ್ತದೆ. ಮೈ ತೂಗುವುದು ಮನಸ್ಸನ್ನು ಸ್ಥಿಮಿತಕ್ಕೆ ತಂದುಕೊಳ್ಳುವ ಅವರ ದಾರಿ. ಇದು ತಾಯಿಯ ಸಾಕಣೆಯ ದೋಷದಿಂದ ಬಂದುದಲ್ಲ, ಹಿಂದಿನ ಜನ್ಮದ ಪಾಪವೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಆಟಿಸಂ ಸೇರಿದಂತೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಕಾನೂನು ಹಕ್ಕುಳ್ಳವನೆಂದು ಕಂಡವನನ್ನು ನಮ್ಮ ಪಂಕ್ತಿ ಕ್ಷಮೆ ಬೇಡುವವನನ್ನಾಗಿ ಮಾಡಬೇಕೆ?

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯೋಣ. ಪಂಚಾಕ್ಷರಿ ಗವಾಯಿಗಳೂ, 2010ರಲ್ಲಿ ಪದ್ಮಭೂಷಣ ಗೌರವ ಪಡೆದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧರು. ಅವರ ಸಾಧನೆಗೆ ನಾವು ತಲೆಬಾಗುತ್ತೇವೆ. ಆದರೆ ಆ ಆಶ್ರಮವನ್ನು ಸೇರಿದ ಮಕ್ಕಳೆಲ್ಲರೂ ಹೆಸರಾಂತ ಗವಾಯಿಗಳಾಗಲಿಲ್ಲ; ಆದರೂ ಅವರಿಗೆ ಅಲ್ಲಿ ಅನ್ನವಿತ್ತು, ವಿದ್ಯೆಯಿತ್ತು. ಪ್ರತಿಭೆ ತೋರಿದ ಮೇಲೆ ಮಾತ್ರ ಆದರ ಎಂಬ ಕರಾರು ಯಾವ ಮಗುವಿಗೂ ಇರಬಾರದು.

ತಾಯ್ತಂದೆಗಳಲ್ಲಿ ಒಂದು ವಿನಂತಿ. ನಿಮ್ಮ ಮಗು ಸಾರು ಚೆಲ್ಲಿದರೆ ಎಲ್ಲರಂತೆ ಕ್ಷಮೆ ಕೇಳಿರಿ, ಅದು ಸೌಜನ್ಯ. ಆದರೆ ಮಗು ಇರುವಂತೆ ಇದ್ದುದಕ್ಕೆ ಕೇಳಬೇಡಿರಿ. "ಇವನಿಗೆ ಸದ್ದು ತಾಳಲಾಗದು, ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತಾನೆ" ಎಂದರೆ ಸಾಕು. ಅದು ತಿಳಿವಳಿಕೆಯ ಮಾತು, ತಗ್ಗಿದ ತಲೆಯ ಮಾತಲ್ಲ.

ಮಂಗಲ ಕಾರ್ಯ ಮಾಡುವ ಮನೆಯವರೂ ಸದ್ದಿಲ್ಲದ ಒಂದು ಕೋಣೆಯನ್ನು ತೆರೆದಿಟ್ಟರೆ ಕಳೆದುಕೊಳ್ಳುವುದೇನು? ಉಳಿದ ನಾವು ಮಗುವಿನ ಹೆಸರನ್ನು ಕೇಳೋಣ. ಅಂದು ನಾನು "ಪರವಾಗಿಲ್ಲ" ಎಂದೆನೇ ಹೊರತು ಆ ಬಾಲಕನ ಹೆಸರನ್ನು ಕೇಳಲಿಲ್ಲ. ಆ ಪಂಕ್ತಿಯಲ್ಲಿ ಕ್ಷಮೆ ಕೇಳಬೇಕಾದವಳು ನಾನೇ ಆಗಿದ್ದೆ.