ಬಾಯಾರಿದೆಯೆಂದು ಹೇಳುವ ಧೈರ್ಯ

ವಾರ್ಷಿಕ ಪರೀಕ್ಷೆಗಳು ಮುಗಿದು ಏಪ್ರಿಲ್ ತಿಂಗಳು ಕಳೆಯುತ್ತ ಬಂದಿತೆಂದರೆ, ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಬೀದಿಬೀದಿಗಳಲ್ಲಿ ಬೇಸಿಗೆ ಶಿಬಿರಗಳ ಜಾಹೀರಾತುಗಳು ಕಾಣಿಸಿಕೊಳ್ಳತೊಡಗುತ್ತವೆ. ಯೇವೂರಿನ ಕಾಡಿನಂಚು, ಬದಲಾಪುರ ಕರ್ಜತ್‌ಗಳ ತೋಟಗಳು, ನಗರದೊಳಗಿನ ಮೈದಾನಗಳು ಮಕ್ಕಳ ಕಲರವದಿಂದ ತುಂಬುತ್ತವೆ. ಎರಡು ಕೋಣೆಗಳ ಮನೆಯಲ್ಲಿ, ಲೋಕಲ್ ಗಾಡಿಯ ಸದ್ದಿನ ನಡುವೆ ಬೆಳೆಯುವ ಬಾಲಕನಿಗೆ ಮರ, ಮಣ್ಣು, ನಕ್ಷತ್ರಗಳ ಪರಿಚಯವಾಗುವುದು ಸಾಮಾನ್ಯ ಲಾಭವಲ್ಲ. 1907ರಲ್ಲಿ ಬೇಡನ್ ಪೊವೆಲ್ಲರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಕೆಲವೇ ಬಾಲಕರನ್ನು ಕೂಡಿಸಿ ನಡೆಸಿದ ಶಿಬಿರದಿಂದ ಸ್ಕೌಟು ಚಳವಳಿಯೇ ಹುಟ್ಟಿತು. ಮೈಸೂರಿನ ರಂಗಾಯಣವು ಬೇಸಿಗೆಯಲ್ಲಿ ನಡೆಸುತ್ತ ಬಂದಿರುವ ಚಿಣ್ಣರ ಮೇಳವು ಎಷ್ಟೋ ಮಕ್ಕಳಿಗೆ ರಂಗಭೂಮಿಯ ಬಾಗಿಲನ್ನು ತೆರೆದಿದೆ. ಆದಕಾರಣ ಶಿಬಿರಗಳು ಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ.

ಆದರೆ ಮಗುವನ್ನು ಶಿಬಿರಕ್ಕೆ ಕಳುಹಿಸುವ ತಾಯಿತಂದೆಗಳು ಏನನ್ನು ವಿಚಾರಿಸುತ್ತಾರೆ? ಶುಲ್ಕವೆಷ್ಟು, ಊಟವೇನು, ಬಸ್ಸು ಎಲ್ಲಿ ನಿಲ್ಲುತ್ತದೆ, ಕೊನೆಯ ದಿನ ಪ್ರಶಸ್ತಿಪತ್ರ ಕೊಡುತ್ತಾರೆಯೆ ಎಂಬಿವನ್ನು. ಮೈ ಸರಿಯಿಲ್ಲವೆಂದು ಹೇಳಲು ತಮ್ಮ ಮಗುವಿಗೆ ಬಾಯಿ ಬರುವುದೇ ಎಂದು ಯೋಚಿಸುವವರು ವಿರಳ. ಶಿಬಿರದ ಮೊದಲ ಕಾವಲುಗಾರನು ವೈದ್ಯನೂ ಅಲ್ಲ, ವ್ಯವಸ್ಥಾಪಕನೂ ಅಲ್ಲ. ಸಕಾಲದಲ್ಲಿ ಆಡಿದ ಮಗುವಿನ ಮಾತೇ ಮೊದಲ ಕಾವಲು ಎಂಬುದು ನಮ್ಮ ಅಭಿಪ್ರಾಯ.

ಈ ಅಭಿಪ್ರಾಯ ನಮಗೆ ಪುಸ್ತಕದಿಂದ ಬಂದುದಲ್ಲ. ನಾವು ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಏಳನೆಯ ತರಗತಿಯಲ್ಲಿದ್ದಾಗ ಒಂದು ಶಿಬಿರಕ್ಕೆ ಹೋಗಿದ್ದೆವು. ಸಮಾರೋಪದ ದಿನ ಅತಿಥಿಗಳು ಬರುವುದು ತಡವಾಯಿತು. ಬೆಳಗಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿದ್ದರು. ಇಪ್ಪತ್ತು ಹೆಜ್ಜೆಯಾಚೆ ಬೇವಿನ ಮರದಡಿಯಲ್ಲಿ ನೀರಿನ ಕೊಡ ಇದ್ದಿತು. ಆದರೆ ಸಾಲು ಬಿಟ್ಟವನು ಸಿಪಾಯಿಯಲ್ಲ ಎಂದು ಮೊದಲೇ ಸಾರಿದ್ದರು. ಪಕ್ಕದಲ್ಲಿ ನಿಂತಿದ್ದ ಗೆಳೆಯನು ಮೆಲ್ಲಗೆ, "ಕಣ್ಣಿಗೆ ಕತ್ತಲೆ ಬರ್ತೈತಿ" ಎಂದನು. ನಾವು, "ಸುಮ್ನಿರು, ಬೈತಾರ" ಎಂದೆವು. ಕ್ಷಣಾರ್ಧದಲ್ಲಿ ಅವನು ಮುಖ ಕೆಳಗಾಗಿ ಬಿದ್ದು ತುಟಿ ಒಡೆದುಕೊಂಡನು. ದೈವಕೃಪೆಯಿಂದ ಸಂಜೆಯ ಹೊತ್ತಿಗೆ ಚೇತರಿಸಿಕೊಂಡನೆನ್ನಿ. ನಿಲ್ಲಿಸಿದವರ ತಪ್ಪು ಹಾಗಿರಲಿ. ಹೇಳಹೊರಟವನ ಬಾಯಿ ಮುಚ್ಚಿಸಿದವರು ನಾವು. ಅಧ್ಯಾಪಕರಾದ ಮೇಲೆ ಮಕ್ಕಳ ಸಾಲನ್ನು ಕಂಡಾಗಲೆಲ್ಲ ಆ ಮಾತು ನಮ್ಮನ್ನು ಚುಚ್ಚುತ್ತದೆ.

ಬಿಸಿಲೆಂದರೆ ಏನೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ಕಠೋರವಾದ ಪಾಠವಿದೆ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರ್‌ನ ಬಯಲಿನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನ ಸಮಾರಂಭ ನಡೆಯಿತು. ಲಕ್ಷಾಂತರ ಜನ ಭಕ್ತಿಯಿಂದ ಬಂದು ನೆರಳಿಲ್ಲದ ಬಯಲಿನಲ್ಲಿ ಗಂಟೆಗಟ್ಟಲೆ ಕುಳಿತರು. ಅವರಲ್ಲಿ 14 ಮಂದಿ ಬಿಸಿಲಿನ ಹೊಡೆತದಿಂದ ತೀರಿಕೊಂಡರು. ಅಂದಿನ ಉಷ್ಣತೆ ಸುಮಾರು 38 ಡಿಗ್ರಿ ಮಾತ್ರ. ಬೇಸಿಗೆಯ ರಜೆಗೆ ವಿಜಯಪುರ, ಕಲಬುರಗಿ, ರಾಯಚೂರುಗಳ ಕಡೆಗೆ ಹೋಗಿ ಬರುವ ನಮ್ಮ ವಿದ್ಯಾರ್ಥಿಗಳು, "ನಮ್ಮೂರಿನಲ್ಲಿ ನಲವತ್ತು ದಾಟುತ್ತದೆ, ಇದಾವ ಮಹಾ ಬಿಸಿಲು?" ಎಂದು ನಗಬಹುದು. ಹಾಗೆ ನಗತಕ್ಕದ್ದಲ್ಲ. ಬೆವರು ಆರಿದರೆ ಮಾತ್ರ ಮೈ ತಂಪಾಗುತ್ತದೆ. ಬಯಲುಸೀಮೆಯ ಒಣಗಾಳಿಯಲ್ಲಿ ಬೆವರು ಬಂದಂತೆಯೇ ಆರುತ್ತದೆ. ಕಡಲಿನ ತೇವ ತುಂಬಿದ ಇಲ್ಲಿಯ ಗಾಳಿಯಲ್ಲಿ ಅದು ಮೈಮೇಲೆಯೇ ನಿಂತುಬಿಡುತ್ತದೆ, ಒಳಗಿನ ಕಾವು ಹೊರಗೆ ಹೋಗುವುದಿಲ್ಲ. ಹವಾಮಾನ ಇಲಾಖೆಯು ಬಿಸಿಗಾಳಿಯನ್ನು ಘೋಷಿಸಲು ಬಯಲುನಾಡಿಗೆ 40 ಡಿಗ್ರಿಯನ್ನೂ ಕರಾವಳಿಗೆ 37 ಡಿಗ್ರಿಯನ್ನೂ ಕನಿಷ್ಠ ಮಿತಿಯಾಗಿ ಇಟ್ಟುಕೊಂಡಿರುವುದನ್ನು ಇಲ್ಲಿ ನೆನೆಯಬೇಕು. ದೊಡ್ಡವರಿಗಿಂತ ಮಕ್ಕಳ ಮೈ ಬೇಗ ಕಾಯುತ್ತದೆ. ಆಟದ ಭರದಲ್ಲಿ ಅವರಿಗೆ ಬಾಯಾರಿಕೆಯ ಅರಿವೂ ಇರುವುದಿಲ್ಲ.

ಆದ್ದರಿಂದ ಲಕ್ಷಣಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಅರಿತಿರಬೇಕು. ತಲೆನೋವು, ತಲೆಸುತ್ತು, ವಾಕರಿಕೆ, ಕಾಲುಗಳ ಸೆಳೆತ, ಇವು ಮೊದಲ ಎಚ್ಚರಿಕೆಗಳು. ಆಗಲೇ ನೆರಳಿಗೆ ಹೋಗಿ ನೀರು ಕುಡಿದು ವಿಶ್ರಮಿಸಿದರೆ ಬಹುಮಟ್ಟಿಗೆ ಕಂಟಕ ಕಳೆಯಿತು. ಓ.ಆರ್.ಎಸ್. ಪೊಟ್ಟಣ ದೊರೆಯದಿದ್ದರೆ ಒಂದು ಲೀಟರು ಶುದ್ಧ ನೀರಿಗೆ 6 ಸಮಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಬೆರೆಸಿ ಕುಡಿಸಬಹುದು, ಚಮಚೆ ಚಹಾದ್ದಾಗಿರಲಿ. ಮಾತು ತೊದಲಿದರೆ, ಗೊಂದಲವಾದರೆ, ಎಚ್ಚರ ತಪ್ಪಿದರೆ ಅದು ಪ್ರಾಣಾಪಾಯ. ಒಡನೆಯೇ 108ಕ್ಕೆ ಕರೆಮಾಡಿ, ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಯೆಲ್ಲ ತಣ್ಣೀರಿನಿಂದ ತೋಯಿಸಿ ಗಾಳಿ ಹಾಕಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹೊಯ್ಯಕೂಡದು.

ಈಗ ನಮ್ಮ ಮಕ್ಕಳಿಗೇ ವಿಶೇಷವಾದ ಒಂದು ತೊಡಕಿನ ಮಾತು. ಎರಡು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಯೊಬ್ಬಳು ಶಿಬಿರವೊಂದಕ್ಕೆ ಹೋಗಿದ್ದಳು. ಎರಡು ದಿನ ಜ್ವರವನ್ನು ಬಚ್ಚಿಟ್ಟು ಓಟದಲ್ಲಿಯೂ ಪಾಲ್ಗೊಂಡಳು. ಮನೆಗೆ ಬಂದ ಮೇಲೆ ಹಾಸಿಗೆ ಹಿಡಿದಳು. ಅಲ್ಲಿ ಏಕೆ ಹೇಳಲಿಲ್ಲವೆಂದು ಕೇಳಿದುದಕ್ಕೆ, "ಮರಾಠಿಯಲ್ಲಿ ತಪ್ಪು ಹೇಳಿದರೆ ನಗುತ್ತಾರೆ ಸರ್" ಎಂದಳು. ಕನ್ನಡ ಶಾಲೆಯಲ್ಲಿ ಓದುವ ಮಗು ಹೊರಗಿನ ಮಕ್ಕಳ ನಡುವೆ ಮಾತಿಗೆ ಅಂಜುವುದು ಸಹಜ. ನಾವೂ ಈ ನಾಡಿಗೆ ಹೊಸದಾಗಿ ಬಂದಾಗ ಔಷಧದ ಅಂಗಡಿಯ ಮುಂದೆ ನಿಂತು ಮಾತು ತೋಚದೆ ಹಿಂದಿರುಗಿದ್ದುಂಟು. ಆದರೆ ನೋವಿಗೆ ವ್ಯಾಕರಣವಿಲ್ಲ. "ಮಲಾ ತಹಾನ್ ಲಾಗಲೀ" ಎಂದರೆ ಬಾಯಾರಿದೆ ಎಂದರ್ಥ. "ಮಲಾ ಚಕ್ಕರ್ ಯೇತೇ" ಎಂದರೆ ತಲೆ ಸುತ್ತುತ್ತಿದೆ ಎಂದು. ಈ ಎರಡು ವಾಕ್ಯಗಳನ್ನು ಕಂಠಪಾಠ ಮಾಡಿರಿ. ಅವೂ ನೆನಪಾಗದಿದ್ದರೆ ಕನ್ನಡದಲ್ಲಿಯೇ ಕೂಗಿ ಹೇಳಿರಿ, ಕೈಸನ್ನೆ ಮಾಡಿರಿ. ನಕ್ಕವರ ನಗೆ ಒಂದು ಗಳಿಗೆಯದು.

ಬಿಸಿಲಲ್ಲದೆ ಬೇರೆ ಅಪಾಯಗಳಲ್ಲಿಯೂ ಇದೇ ನ್ಯಾಯ. ಉಲ್ಹಾಸ ನದಿಯ ನೀರು ಮೇಲೆ ಶಾಂತವಾಗಿ ಕಂಡರೂ ತಳದ ಆಳ ದಡದಲ್ಲಿರುವವನಿಗೆ ತಿಳಿಯದು; ಗೆಳೆಯನೊಬ್ಬನು ಗುಟ್ಟಾಗಿ ನೀರಿಗಿಳಿಯಹೊರಟರೆ ಹಿರಿಯರಿಗೆ ತಿಳಿಸುವುದು ಚಾಡಿಯಲ್ಲ. ಕೊಂಕಣದ ಕೆಂಪುಚೇಳಿನ ವಿಷ ಮಕ್ಕಳಿಗೆ ಮಾರಕ. ರಾಯಗಡ ಜಿಲ್ಲೆಯ ಮಹಾಡ್ ಭಾಗದಲ್ಲಿ ದುಡಿದ ವೈದ್ಯ ಹಿಮ್ಮತರಾವ್ ಬಾವಸ್ಕರರು ಪ್ರಾಜೋಸಿನ್ ಎಂಬ ಔಷಧವನ್ನು ಬಳಸಿ ಅಸಂಖ್ಯ ಜೀವಗಳನ್ನು ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಆದರೆ ಕಚ್ಚಿದುದನ್ನು ಹೇಳದ ಮಗುವಿಗೆ ಯಾವ ಔಷಧ ತಾನೆ ತಲಪೀತು? ಬೂಟನ್ನು ಕೊಡವಿ ಮೆಟ್ಟಿರಿ. ಕಚ್ಚಿದರೆ ಕೂಡಲೆ ಹೇಳಿರಿ. ಹಾಗೆಯೇ ಯಾರಾದರೂ, ಅವರು ಎಷ್ಟೇ ದೊಡ್ಡವರಾಗಲಿ, ನಿಮ್ಮ ಮೈಯನ್ನು ಸಲ್ಲದ ರೀತಿಯಲ್ಲಿ ಮುಟ್ಟಿದರೆ ಅದು ನಿಮ್ಮ ತಪ್ಪಲ್ಲ. 2012ರ ಪೋಕ್ಸೋ ಕಾಯ್ದೆ ನಿಮ್ಮ ರಕ್ಷಣೆಗಾಗಿಯೇ ಇದೆ. ತಾಯಿತಂದೆಗಳಿಗೆ, ಅಧ್ಯಾಪಕರಿಗೆ, ಇಲ್ಲವೇ 1098ಕ್ಕೆ ತಿಳಿಸಿರಿ.

ಹೀಗೆಲ್ಲ ಹೇಳಿಕೊಟ್ಟರೆ ಮಕ್ಕಳು ಸುಕುಮಾರರಾಗುವರು, ಶಿಸ್ತು ಕೆಡುವುದು ಎಂದು ಕೆಲವು ಹಿರಿಯರು ಆಕ್ಷೇಪಿಸಬಹುದು. ಸಹನೆ ಒಂದು ಸದ್ಗುಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಬೆಟ್ಟ ಹತ್ತುವಾಗ ಕಾಲು ನೋಯಲಿ, ಬೇಡ ಎನ್ನುವವರಾರು? ಆದರೆ ದಣಿವನ್ನು ಸಹಿಸುವುದು ಬೇರೆ, ಅಪಾಯವನ್ನು ಅಡಗಿಸುವುದು ಬೇರೆ. ಕೆಟ್ಟ ಸುದ್ದಿಯನ್ನು ಅಂಜದೆ ಮೊದಲು ತಿಳಿಸುವವನೇ ಒಳ್ಳೆಯ ಸಿಪಾಯಿ. ಶಿಬಿರ ನಡೆಸುವ ಮಹನೀಯರು ಹನ್ನೊಂದರಿಂದ ನಾಲ್ಕರವರೆಗೆ ಮಕ್ಕಳನ್ನು ನೆರಳಿನಲ್ಲಿರಿಸಲಿ, ಗಂಟೆಗೊಮ್ಮೆ ಕೇಳದೆಯೇ ನೀರು ಕೊಡಲಿ. ಎಲ್ಲಕ್ಕೂ ಮಿಗಿಲಾಗಿ, ಸಾಲು ಬಿಟ್ಟು ಬಂದು ಕಷ್ಟ ಹೇಳಿಕೊಂಡ ಮಗುವನ್ನು ಎಲ್ಲರೆದುರು ಮೆಚ್ಚಿಕೊಳ್ಳಲಿ.

ಪ್ರಿಯ ವಿದ್ಯಾರ್ಥಿಗಳೇ, ಈ ಬೇಸಿಗೆಯಲ್ಲಿ ನೀವು ಎಲ್ಲಿಗೇ ಹೋಗಿರಿ, ಚೀಲದಲ್ಲಿ ನೀರಿನ ಸೀಸೆಯಿರಲಿ, ನಾಲಗೆಯ ಮೇಲೆ ಸತ್ಯವಿರಲಿ. ಪಕ್ಕದ ಗೆಳೆಯನು ಮೆಲ್ಲಗೆ ತನ್ನ ಕಷ್ಟವನ್ನು ಉಸುರಿದರೆ ಅವನನ್ನು ಸುಮ್ಮನಿರಿಸಬೇಡಿ. ಅವನ ಕೈಹಿಡಿದು ನೆರಳಿಗೆ ಕರೆದುಕೊಂಡು ಹೋಗಿರಿ. ಅಂದು ನಾವು ಮಾಡದೆ ಹೋದುದನ್ನು ನೀವು ಮಾಡಿದಿರೆಂದರೆ, ಈ ಬರಹದ ಉದ್ದೇಶ ಸಫಲವಾಯಿತು.